ಮೀಸಲು ಪ್ರದೇಶದಲ್ಲಿ ಸ್ವಯಂಸೇವಕರ ಕೆಲಸದ ದಿನ: ಅಧಿಕಾರಿಗಳಿಗೆ ಹಂತ ಹಂತದ ಮಾರ್ಗದರ್ಶಿ

ನಿಸರ್ಗ ಮೀಸಲು ಪ್ರದೇಶವೊಂದರ ಹೊಣೆ ನಿಮ್ಮ ಮೇಲಿದೆ ಅಂದುಕೊಳ್ಳಿ. ಅದು ಜೌಗು ನೆಲ ಇರಬಹುದು, ಹುಲ್ಲುಗಾವಲು ಇರಬಹುದು, ಚಿಕ್ಕದೊಂದು ಗುಡ್ಡದ ಕಾಡಿರಬಹುದು. ಮುಂದಿನ ಭಾನುವಾರ ಇಪ್ಪತ್ತು ಜನ ಕೆಲಸ ಮಾಡಲು ಬರುತ್ತಿದ್ದಾರೆ. ಯಾರಿಗೂ ಸಂಬಳ ಇಲ್ಲ. ಕೆಲವರು ಗುದ್ದಲಿ ಹಿಡಿದು ವರ್ಷಗಳಾಗಿವೆ, ಕೆಲವರು ಹಿಡಿದೇ ಇಲ್ಲ. ಸಂಜೆ ಹೊತ್ತಿಗೆ ನೆಲಕ್ಕೆ ಒಳ್ಳೆಯದಾಗಿರಬೇಕು. ಬಂದವರು ಗಾಯವಿಲ್ಲದೆ ಮನೆ ಸೇರಬೇಕು. ಮತ್ತೆ ಬರಬೇಕು ಅಂತ ಅವರಿಗೆ ಅನ್ನಿಸಬೇಕು.

ಇದರಲ್ಲಿ ಮುಕ್ಕಾಲು ಪಾಲು ಅವರು ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಆ ದಿನ ಕಳೆ ಕೀಳುವುದು ನಿಮ್ಮ ಕೆಲಸವಲ್ಲ. ಅಧಿಕಾರಿಯೇ ಬಗ್ಗಿ ಗುದ್ದಲಿ ಹೊಡೆಯುತ್ತಿದ್ದರೆ ಇಪ್ಪತ್ತು ಜನರ ಮೇಲೆ ಕಣ್ಣಿಡುವವರು ಯಾರು? ಕೈ ಖಾಲಿ ಇರಲಿ, ಕಣ್ಣು ತೆರೆದಿರಲಿ. ಈ ಲೇಖನದ ಉದ್ದಕ್ಕೂ ಈ ಮಾತು ನೆನಪಿರಲಿ.

ಹಂತ 1: ನೆಲಕ್ಕೆ ಏನು ಬೇಕು ಅಂತ ಮೊದಲು ತಿಳಿಯಿರಿ

"ಜನ ಬರ್ತಿದ್ದಾರೆ, ಅವರಿಗೆ ಏನಾದ್ರೂ ಕೆಲಸ ಕೊಡಬೇಕು" ಅಂತ ಶುರು ಮಾಡಿದರೆ ದಾರಿ ತಪ್ಪಿದ ಹಾಗೆ. ಈ ಜಾಗವನ್ನು ಯಾವುದಕ್ಕಾಗಿ ಕಾಪಾಡುತ್ತಿದ್ದೇವೆ ಅನ್ನುವುದರಿಂದ ಶುರು ಮಾಡಿ. ನಿರ್ವಹಣಾ ಯೋಜನೆ ಇದ್ದರೆ ಅದನ್ನು ತೆರೆದು ಓದಿ. ಇಲ್ಲದಿದ್ದರೆ ಒಂದು ಪುಟದಲ್ಲಿ ನೀವೇ ಬರೆಯಿರಿ: ಇಲ್ಲಿ ಮುಖ್ಯವಾದ ಗಿಡ, ಹಕ್ಕಿ, ಕೀಟ ಯಾವುವು, ಅವಕ್ಕೆ ಈಗ ತೊಂದರೆ ಏನು, ಅದಕ್ಕೆ ಏನು ಮಾಡಬೇಕು.

ಪ್ರಕೃತಿ ಉಳಿಸುವುದು ಅಂದರೆ ಗಿಡ ನೆಡುವುದು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಸ್ವಯಂಸೇವಕರೂ ಅದನ್ನೇ ಕೇಳುತ್ತಾರೆ. ಆದರೆ ಸಹಜ ಹುಲ್ಲುಗಾವಲಿನಲ್ಲಿ ಮರ ನೆಟ್ಟರೆ ಹುಲ್ಲುಗಾವಲೇ ಸಾಯುತ್ತದೆ. ಅಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ ಮನೆ ಇಲ್ಲವಾಗುತ್ತದೆ. ಎಷ್ಟೋ ಕಡೆ ನಿಜವಾಗಿ ಬೇಕಾದದ್ದು ಕಡಿಯುವ ಕೆಲಸ. ಬ್ರಿಟನ್ನಿನಲ್ಲಿ ಸಂರಕ್ಷಣಾ ಸ್ವಯಂಸೇವೆ ಸಂಘಟಿತವಾಗಿ ಬೆಳೆದದ್ದು ಕನ್ಸರ್ವೇಶನ್ ಕೋರ್ ಎಂಬ ತಂಡದಿಂದ. 1959ರಲ್ಲಿ ಸರೀ ಪ್ರಾಂತ್ಯದ ಬಾಕ್ಸ್ ಹಿಲ್‌ನಲ್ಲಿ ಆ ತಂಡ ಮಾಡಿದ ಮೊದಲ ಕೆಲಸವೇ ಪೊದೆ ಕಡಿಯುವುದು. ಸುಣ್ಣಕಲ್ಲಿನ ನೆಲದ ಹುಲ್ಲುಗಾವಲುಗಳಲ್ಲಿ ಆಗ ಪೊದೆ ಬೇಗ ಬೇಗ ಹಬ್ಬುತ್ತಿತ್ತು. 1953ರಲ್ಲಿ ಆ ದೇಶಕ್ಕೆ ಬಂದ ಮಿಕ್ಸೋಮಟೋಸಿಸ್ ರೋಗಕ್ಕೆ ಮೊಲಗಳು ಬಹುಪಾಲು ಸತ್ತಿದ್ದವು. ಚಿಗುರು ಮೇಯುವ ಬಾಯಿಗಳೇ ಇಲ್ಲದೆ ಹೋದಾಗ ಪೊದೆ ಬೆಳೆಯದೆ ಇನ್ನೇನಾಗುತ್ತದೆ? ಮೊಲದ ಕೆಲಸವನ್ನು ಜನ ಕೈಯಿಂದ ಮಾಡಬೇಕಾಯಿತು.

ನಿಮ್ಮ ಜಾಗದಲ್ಲೂ ಹೀಗೆ ಕಾರಣ ಹುಡುಕಿ. ಯಾಕೆ ಕಡಿಯುತ್ತಿದ್ದೇವೆ ಅಂತ ಎರಡು ವಾಕ್ಯದಲ್ಲಿ ಹೇಳಲು ಬರದಿದ್ದರೆ ಆ ಕೆಲಸ ಇನ್ನೂ ಸಿದ್ಧವಾಗಿಲ್ಲ ಅಂತಲೇ ಅರ್ಥ.

ಕಾಲವನ್ನೂ ನೋಡಿ. ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಪೊದೆ ಮುಟ್ಟಬೇಡಿ. ಕಪ್ಪೆ ಮೊಟ್ಟೆ ಇಟ್ಟಿರುವಾಗ ಕೊಳಕ್ಕೆ ಇಳಿಯಬೇಡಿ. ಕಳೆ ಕೀಳುವುದಾದರೆ ಬೀಜ ಕಟ್ಟುವ ಮೊದಲೇ ಕೀಳಿ. ಹೂವಿನ ಹುಲ್ಲುಗಾವಲು ಕೊಯ್ಯುವುದಾದರೆ ಬೇಕಾದ ಗಿಡಗಳ ಬೀಜ ಉದುರಿದ ಮೇಲೆ ಕೊಯ್ಯಿರಿ. ವರ್ಷದ ಕ್ಯಾಲೆಂಡರ್ ಒಂದನ್ನು ಗೋಡೆಗೆ ಹಾಕಿ, ಮೊದಲು ಕೆಲಸ ಮಾಡಬಾರದ ವಾರಗಳನ್ನು ಗುರುತು ಮಾಡಿ. ಉಳಿದ ವಾರಗಳು ನಿಮ್ಮವು.

ಹಂತ 2: ಜನರ ಕೈಗೆ ಒಪ್ಪುವ ಕೆಲಸ ಆರಿಸಿ

ಎಲ್ಲ ಕೆಲಸವೂ ಸ್ವಯಂಸೇವಕರಿಗಲ್ಲ. ಯಂತ್ರದ ಗರಗಸ, ಕಳೆನಾಶಕ ಸಿಂಪಡಣೆ, ಮರ ಹತ್ತುವುದು, ಆಳದ ನೀರು, ಒತ್ತಾಗಿ ಒರಗಿ ನಿಂತ ಒಣ ಮರ ಉರುಳಿಸುವುದು ಇವೆಲ್ಲ ತರಬೇತಿ ಪಡೆದ ಸಿಬ್ಬಂದಿಗೆ ಬಿಡಿ. "ನಂಗೆ ಗೊತ್ತು, ನಮ್ಮ ತೋಟದಲ್ಲಿ ಮಾಡ್ತೀನಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಇಲ್ಲ ಅನ್ನಿ, ನಗುತ್ತಲೇ ಅನ್ನಿ.

ಒಪ್ಪುವ ಕೆಲಸಗಳು ಬೇಕಾದಷ್ಟಿವೆ. ಕೈಯಿಂದ ಕಳೆ ಕೀಳುವುದು, ಸಣ್ಣ ಪೊದೆ ಕಡಿಯುವುದು, ಕೊಯ್ದ ಹುಲ್ಲು ಗೋರಿ ಹೊರಗೆ ಸಾಗಿಸುವುದು, ಕಾಲುದಾರಿ ಸರಿಮಾಡುವುದು, ಬೇಲಿ ದುರಸ್ತಿ, ಪ್ಲಾಸ್ಟಿಕ್ ಆಯುವುದು, ಹಕ್ಕಿ ಚಿಟ್ಟೆಗಳ ಎಣಿಕೆ. ಒಂದೇ ದಿನ ಕಷ್ಟದ ಕೆಲಸ ಒಂದು, ಹಗುರದ್ದು ಒಂದು ಇಟ್ಟುಕೊಳ್ಳಿ. ಮಂಡಿ ನೋವಿನವರಿಗೂ ವಯಸ್ಸಾದವರಿಗೂ ಹೆಮ್ಮೆಯಿಂದ ಮಾಡುವಂಥ ಕೆಲಸ ಸಿಗಬೇಕು. ಮೂಲೆಯಲ್ಲಿ ಕೂರಿಸಲು ಕೊಟ್ಟ ಕೆಲಸದ ಹಾಗೆ ಅದು ಕಾಣಬಾರದು.

ಈಗ ವಿಧಾನದ ಮಾತು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಒಳ್ಳೆಯ ಮನಸ್ಸಿನಿಂದ ತಪ್ಪು ವಿಧಾನದಲ್ಲಿ ಮಾಡಿದ ಕೆಲಸ ಏನೂ ಮಾಡದೆ ಇರುವುದಕ್ಕಿಂತ ಜಾಸ್ತಿ ಹಾನಿ ಮಾಡುತ್ತದೆ.

ಕಾಡು, ಹುಲ್ಲುಗಾವಲುಗಳಲ್ಲಿ ಹಬ್ಬುವ ಲಂಟಾನ ಎಂಬ ಕಳೆಪೊದೆಯನ್ನು ನೋಡಿ. ಜನ ಅದನ್ನು ನೆಲಮಟ್ಟಕ್ಕೆ ಕಡಿದು ಹೋಗುತ್ತಾರೆ. ಮಳೆ ಬಿದ್ದ ಮೇಲೆ ಬುಡದಿಂದ ಮೊದಲಿಗಿಂತ ಒತ್ತಾಗಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ಸಂಗಡಿಗರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇದಕ್ಕೊಂದು ಸರಳ ದಾರಿ ತೋರಿಸಿದರು. ಕಾಂಡ ಮತ್ತು ಬೇರು ಕೂಡುವ ಜಾಗದಿಂದಲೇ ಹೊಸ ಚಿಗುರು ಬರುತ್ತದೆ. ಅದರ ಕೆಳಗೆ, ಮಣ್ಣಿನೊಳಗೆ ಕೆಲವೇ ಸೆಂಟಿಮೀಟರ್ ಆಳದಲ್ಲಿ, ತಾಯಿಬೇರನ್ನು ಕತ್ತರಿಸಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು. ಹಾಗಿಟ್ಟರೆ ಮತ್ತೆ ಬೇರು ಬಿಡದೆ ಒಣಗುತ್ತದೆ. ನೆಲ ಅಗೆದು ಹಾಕುವ ಅಗತ್ಯವಿಲ್ಲ, ವಿಷವೂ ಬೇಡ. ಪಿಕಾಸಿಯಂಥ ಸಾಧನ ಇದ್ದು, ಒಮ್ಮೆ ತೋರಿಸಿಕೊಟ್ಟರೆ ಹೊಸಬರೂ ಮಾಡಬಲ್ಲರು. ಇದರ ಎರಡನೆಯ ಭಾಗವನ್ನು ಜನ ಮರೆಯುತ್ತಾರೆ. ಲಂಟಾನದ ಹಣ್ಣು ತಿಂದ ಹಕ್ಕಿಗಳು ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಆದ್ದರಿಂದ ದೊಡ್ಡ ಮರಗಳ ಕೆಳಗೆ ಸಸಿಗಳು ಮತ್ತೆ ಮತ್ತೆ ಏಳುತ್ತವೆ. ಅವನ್ನು ಕೀಳಲು ತಿರುಗಿ ಬರಲೇಬೇಕು. ತೆರವಾದ ಜಾಗದಲ್ಲಿ ಸ್ಥಳೀಯ ಹುಲ್ಲು ಬೇಗ ಬರುವಂತೆಯೂ ನೋಡಿಕೊಳ್ಳಬೇಕು.

ಹಿಮಾಲಯನ್ ಬಾಲ್ಸಮ್‌ನ ಕಥೆ ಬೇರೆ. ತನ್ನ ತವರಿನಲ್ಲಿ ಚೆಂದದ ಗಿಡ, ಯೂರೋಪಿನ ಹೊಳೆದಂಡೆಗಳಲ್ಲಿ ಪೀಡೆ. ಬೇರು ಮೇಲೆಮೇಲೆ ಇರುವುದರಿಂದ ಮಕ್ಕಳೂ ಕೀಳಬಹುದು. ಆದರೆ ಕಾಯಿ ಬಲಿತ ಮೇಲೆ ಮುಟ್ಟಿದರೆ ಸಿಡಿದು ಬೀಜ ಸುಮಾರು 7 ಮೀಟರ್ ದೂರ ಹಾರುತ್ತದೆ. ಹೊಳೆಯ ಮೇಲ್ಭಾಗದಿಂದ ಕೆಳಕ್ಕೆ ಕೆಲಸ ಮಾಡುತ್ತ ಬರಬೇಕು. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಬೀಜ ತೇಲಿ ಬಂದು ಮಾಡಿದ್ದೆಲ್ಲ ವ್ಯರ್ಥ.

ಪಾರ್ಥೇನಿಯಂ ಕೀಳುವಾಗ ಗ್ಲೌಸ್, ಮಾಸ್ಕ್, ಪೂರ್ತಿ ತೋಳಿನ ಅಂಗಿ ಕಡ್ಡಾಯ. ಅದು ಚರ್ಮಕ್ಕೂ ಉಸಿರಾಟಕ್ಕೂ ಅಲರ್ಜಿ ತರುತ್ತದೆ. ಆಸ್ತಮಾ ಇರುವವರಿಗೆ ಈ ಕೆಲಸ ಕೊಡಲೇಬೇಡಿ.

ಕೊಳದ ಕಳೆ ತೆಗೆಯುವಾಗ ಒಂದೇ ಸಲಕ್ಕೆ ಪೂರ್ತಿ ಬಳಿದು ಹಾಕಬಾರದು. ಒಂದು ಭಾಗ ಈ ವರ್ಷ, ಇನ್ನೊಂದು ಭಾಗ ಮುಂದಿನ ವರ್ಷ. ತೆಗೆದ ರಾಶಿಯನ್ನು ಒಂದೆರಡು ದಿನ ನೀರಿನ ಅಂಚಿನಲ್ಲೇ ಬಿಡಿ. ಅದರೊಳಗಿನ ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿ, ಗೊದಮೊಟ್ಟೆಗಳು ಮರಳಿ ನೀರಿಗೆ ಹೋಗಲಿ. ಹುಲ್ಲುಗಾವಲಿನಲ್ಲಾದರೆ ಇದಕ್ಕೆ ಉಲ್ಟಾ: ಕೊಯ್ದ ಹುಲ್ಲನ್ನು ಅಲ್ಲೇ ಕೊಳೆಯಲು ಬಿಡಬಾರದು. ಕೊಳೆತರೆ ನೆಲಕ್ಕೆ ಗೊಬ್ಬರವಾಗುತ್ತದೆ. ಗೊಬ್ಬರ ಜಾಸ್ತಿಯಾದರೆ ಒರಟು ಹುಲ್ಲು ಏಳುತ್ತದೆ, ನಾಜೂಕಿನ ಹೂಗಿಡಗಳು ಸೋಲುತ್ತವೆ. ಕೊಯ್ಲು ನಡುವಿನಿಂದ ಹೊರಕ್ಕೆ ಸಾಗಲಿ, ಒಳಗಿದ್ದ ಜೀವಿಗಳಿಗೆ ಓಡಲು ದಾರಿ ಇರಲಿ. ಒಂದಿಷ್ಟು ಜಾಗ ಕೊಯ್ಯದೆ ಬಿಡಿ.

ಎಲ್ಲಿಂದ ಶುರು ಮಾಡಬೇಕು ಅನ್ನುವ ಪ್ರಶ್ನೆಗೆ ನನಗೆ ತುಂಬಾ ಹಿಡಿಸಿದ ಉತ್ತರ ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಸಹೋದರಿಯರದ್ದು. 1960ರ ದಶಕದಲ್ಲಿ ಅವರು ತಮ್ಮ ಮನೆ ಹತ್ತಿರದ ಕಾಡಿನಲ್ಲಿ ಕೈಯಿಂದಲೇ ಕಳೆ ಕೀಳುತ್ತ ಒಂದು ಪದ್ಧತಿ ಕಂಡುಕೊಂಡರು. ಅತಿ ಹೆಚ್ಚು ಕಳೆ ಇರುವ ಜಾಗಕ್ಕೆ ನುಗ್ಗಬೇಡಿ. ಚೆನ್ನಾಗಿರುವ ಕಾಡಿನ ಅಂಚಿನಿಂದ ಹೊರಟು, ಕೆಟ್ಟ ಜಾಗದ ಕಡೆಗೆ ನಿಧಾನವಾಗಿ ಹೋಗಿ. ಮಣ್ಣನ್ನು ಆದಷ್ಟು ಕದಡಬೇಡಿ. ಸ್ಥಳೀಯ ಗಿಡಗಳು ತಾವಾಗಿ ಎಷ್ಟು ಬೇಗ ಮರಳಿ ಬರುತ್ತವೋ ಅಷ್ಟೇ ವೇಗದಲ್ಲಿ ಮುಂದೆ ಹೋಗಿ. ಸ್ವಯಂಸೇವಕರಿಗೆ ಮಾತ್ರ ಇದು ಮೊದಲು ರುಚಿಸುವುದಿಲ್ಲ. ದಟ್ಟ ಪೊದೆಯನ್ನು ಬಯಲು ಮಾಡಿದರೆ ಕೆಲಸ ಕಣ್ಣಿಗೆ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಬಯಲಾದ ನೆಲವನ್ನು ಮುಂದಿನ ವರ್ಷ ಅದೇ ಕಳೆ ತುಂಬುತ್ತದೆ. ನೀವು ಮರಳಿ ಬಂದು ಕಾಯಬಲ್ಲಷ್ಟು ಜಾಗವನ್ನೇ ತೆರವು ಮಾಡಿ.

ಹಂತ 3: ಎರಡು ದಿನ ಮೊದಲು ಜಾಗದಲ್ಲಿ ನಡೆದು ನೋಡಿ

ನಕ್ಷೆ ನೋಡಿ ಮಾಡಿದ ಯೋಜನೆ ಸಾಲದು. ಕೆಲಸದ ಜಾಗದ ಪ್ರತಿ ಮೂಲೆಗೂ ಹೋಗಿ. ತಲೆ ಎತ್ತಿ ನೋಡಿ: ಮುರಿದು ನೇತಾಡುವ ಕೊಂಬೆ ಇದೆಯಾ, ಜೇನು ಅಥವಾ ಕಣಜದ ಗೂಡು ಇದೆಯಾ? ಕೆಳಗೆ ನೋಡಿ: ಗುಂಡಿ, ಹಳೆಯ ತಂತಿ, ಒಡೆದ ಗಾಜು, ಹಾವು ಇರಬಹುದಾದ ಕಲ್ಲುರಾಶಿ. ನೀರಿನ ಅಂಚು ಕುಸಿಯುತ್ತದೆಯಾ? ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ನೆರಳು ಎಲ್ಲಿದೆ?

ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಪರೀಕ್ಷಿಸಿ. ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು, ಗೇಟಿನ ಕೀಲಿ ಯಾರ ಹತ್ತಿರ ಇದೆ, ಹತ್ತಿರದ ಆಸ್ಪತ್ರೆ ಯಾವುದು ಅಂತ ಬರೆದಿಟ್ಟುಕೊಳ್ಳಿ. ಕೆಲಸದ ಜಾಗದ ಜಿಪಿಎಸ್ ಅಂಕಿಗಳೂ ಆ ಹಾಳೆಯಲ್ಲಿರಲಿ. ಅದರ ಒಂದು ಪ್ರತಿ ನಿಮ್ಮ ಜೇಬಿನಲ್ಲಿ, ಇನ್ನೊಂದು ಸಹಾಯಕರ ಜೇಬಿನಲ್ಲಿ.

ಅಪಾಯದ ಪಟ್ಟಿಯನ್ನು ಸುಮ್ನೆ ಫೈಲಿಗೆ ಅಂತ ಬರೆಯಬೇಡಿ. ಪ್ರತಿ ಸಾಲಿನಲ್ಲೂ ಅಪಾಯ ಏನು, ಯಾರಿಗೆ ಆಗಬಹುದು, ತಪ್ಪಿಸಲು ಏನು ಮಾಡುತ್ತೇವೆ ಅನ್ನುವುದು ಇರಲಿ. ಬೆಳಿಗ್ಗೆ ಮಾತಾಡುವಾಗ ಅದೇ ಹಾಳೆ ಕೈಯಲ್ಲಿರಬೇಕು.

ಕೆಲಸದ ಗಡಿಗೆ ಬಣ್ಣದ ರಿಬ್ಬನ್ ಕಟ್ಟಿ. ಮುಟ್ಟಬಾರದ ಗಿಡಗಳಿಗೆ ಬೇರೆ ಬಣ್ಣ. ಹೊಸಬರ ಕಣ್ಣಿಗೆ ಎಲ್ಲ ಹಸಿರೂ ಒಂದೇ. ಅಪರೂಪದ ಸಸಿಯೊಂದು ಕಳೆಯ ಜೊತೆ ಹೋಗಿಬಿಟ್ಟರೆ ಕಿತ್ತವರದ್ದಲ್ಲ, ಗುರುತು ಮಾಡದವರದ್ದೇ ತಪ್ಪು.

ಹಂತ 4: ಬರುವವರಿಗೆ ಸರಿಯಾದ ಸುದ್ದಿ ಮುಟ್ಟಿಸಿ

ಒಂದು ವಾರ ಮೊದಲು ಒಂದು ಸಂದೇಶ ಕಳಿಸಿ. ಎಲ್ಲಿ ಸೇರಬೇಕು, ಎಷ್ಟು ಹೊತ್ತಿಗೆ, ಎಷ್ಟು ದೂರ ನಡೆಯಬೇಕು, ಏನು ಕೆಲಸ, ಶೌಚಾಲಯ ಇದೆಯೋ ಇಲ್ಲವೋ, ಎಷ್ಟಕ್ಕೆ ಮುಗಿಯುತ್ತದೆ. ಶೌಚಾಲಯದ ವಿಷಯವನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಹೆಂಗಸರು ನೀರು ಕುಡಿಯದೆ ಬಿಸಿಲಲ್ಲಿ ಕೆಲಸ ಮಾಡುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಇಲ್ಲದಿದ್ದರೆ ವ್ಯವಸ್ಥೆ ಮಾಡಿ.

ಬಟ್ಟೆಯ ಬಗ್ಗೆ ಸ್ಪಷ್ಟವಾಗಿ ಬರೆಯಿರಿ: ಉದ್ದ ಪ್ಯಾಂಟು, ಪೂರ್ತಿ ತೋಳು, ಬೆರಳು ಮುಚ್ಚುವ ಗಟ್ಟಿ ಬೂಟು, ಟೋಪಿ. ಚಪ್ಪಲಿಯಲ್ಲಿ ಬಂದವರಿಗೆ ಕತ್ತರಿಸುವ ಕೆಲಸ ಇಲ್ಲ ಅಂತ ಮೊದಲೇ ಹೇಳಿದರೆ ಅಂದು ಬೇಸರ ಇರುವುದಿಲ್ಲ. ಸೆಂಟು ಹಚ್ಚಿಕೊಂಡು ಬರಬೇಡಿ ಅಂತಲೂ ಹೇಳಿ, ಜೇನಿಗೆ ಗಾಢ ವಾಸನೆ ಆಗುವುದಿಲ್ಲ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿರಲಿ.

ಅಲರ್ಜಿ, ಆಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇದ್ದರೆ ನಿಮಗೆ ಮಾತ್ರ ತಿಳಿಸಲು ಕೇಳಿ. ಎಲ್ಲರ ಮುಂದೆ ಕೇಳಬೇಡಿ. ತುರ್ತು ಸಂಪರ್ಕದ ಸಂಖ್ಯೆ ತೆಗೆದುಕೊಳ್ಳಿ. ಆ ಹಾಳೆ ಬೇರೆಯವರ ಕೈಗೆ ಹೋಗಬಾರದು.

ಎಷ್ಟು ಜನ? ಕತ್ತರಿಸುವ ಉಪಕರಣ ಇದ್ದಾಗ ಒಬ್ಬ ಅನುಭವಿಗೆ ಎಂಟು ಹತ್ತು ಜನಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ನೂರು ಜನರನ್ನು ಕಳಿಸುತ್ತೇವೆ ಅಂತ ದೊಡ್ಡ ಸಂಸ್ಥೆಗಳು ಕೇಳಿದಾಗ ಒಪ್ಪಿಬಿಡುವ ಆಸೆ ಆಗುತ್ತದೆ. ನೂರು ಜೋಡಿ ಕಾಲು ಜೌಗು ನೆಲವನ್ನು ಏನು ಮಾಡುತ್ತದೆ ಅಂತ ಯೋಚಿಸಿ. ನಾಲ್ಕು ಬೇರೆ ಬೇರೆ ದಿನ ಕೊಡಿ, ಒಪ್ಪದಿದ್ದರೆ ಬಿಡಿ.

ಹಂತ 5: ಉಪಕರಣ ಮತ್ತು ಪೆಟ್ಟಿಗೆ

ಹರಿತವಿಲ್ಲದ ಕತ್ತಿ ಹರಿತವಾದದ್ದಕ್ಕಿಂತ ಅಪಾಯ. ಅದಕ್ಕೆ ಜಾಸ್ತಿ ಬಲ ಹಾಕಬೇಕು, ಜಾರುತ್ತದೆ. ಹಿಂದಿನ ದಿನವೇ ಮಸೆದು, ಹಿಡಿ ಅಲುಗಾಡುತ್ತದೆಯಾ ನೋಡಿ, ಎಣಿಸಿ ಬರೆದಿಡಿ. ಉದ್ದ ಹಿಡಿಯ ಕತ್ತರಿ ಮತ್ತು ಮಡಚುವ ಗರಗಸ ಹೊಸಬರಿಗೆ ಸುಲಭ. ಬೀಸಿ ಕಡಿಯುವ ಮಚ್ಚನ್ನು ತಿಳಿದವರಿಗೆ ಮಾತ್ರ ಕೊಡಿ.

ಪ್ರಥಮ ಚಿಕಿತ್ಸೆ ಪೆಟ್ಟಿಗೆಯನ್ನು ತೆರೆದು ನೋಡಿ. ಹೋದ ಸಲ ಖಾಲಿಯಾದದ್ದು ಖಾಲಿಯೇ ಇರುತ್ತದೆ. ಕಣ್ಣು ತೊಳೆಯಲು ಶುದ್ಧ ನೀರು, ಅಗಲದ ಬ್ಯಾಂಡೇಜು, ಓಆರ್‌ಎಸ್, ಚಿಮಟ ಇರಲೇಬೇಕು. ತಂಡದಲ್ಲಿ ಪ್ರಥಮ ಚಿಕಿತ್ಸೆ ಕಲಿತವರು ನಿಮ್ಮನ್ನು ಬಿಟ್ಟು ಇನ್ನೊಬ್ಬರಾದರೂ ಇರಲಿ. ಪೆಟ್ಟು ಬೀಳುವುದು ನಿಮಗೇ ಆಗಿರಬಹುದು ಅಲ್ವಾ?

ಹಂತ 6: ಬೆಳಗಿನ ಹತ್ತು ನಿಮಿಷ

ಜನ ಉತ್ಸಾಹದಲ್ಲಿರುತ್ತಾರೆ, ಉದ್ದ ಭಾಷಣ ಕೇಳುವುದಿಲ್ಲ. ಹಾಗಂತ ಬಿಡುವ ಹಾಗೂ ಇಲ್ಲ. ಎಲ್ಲರ ಹೆಸರು ಹಾಜರಿಯಲ್ಲಿ ಬರೆಸಿಕೊಂಡು, ಬಿಸಿಲಿಗೆ ಅವರ ಬೆನ್ನು ಇರುವಂತೆ ನಿಲ್ಲಿಸಿ ಶುರು ಮಾಡಿ. ಹೀಗೆ ಹೇಳಬಹುದು:

"ಎಲ್ಲರಿಗೂ ನಮಸ್ಕಾರ. ಈ ಇಳಿಜಾರಿನಲ್ಲಿ ಮೊದಲು ಹುಲ್ಲು ಇತ್ತು. ಈಗ ಲಂಟಾನ ತುಂಬಿ ಹುಲ್ಲು ಮೇಯುವ ಪ್ರಾಣಿಗಳಿಗೆ ಜಾಗ ಇಲ್ಲ. ಇವತ್ತು ಕೆಂಪು ರಿಬ್ಬನ್ನಿನಿಂದ ಆ ಬಂಡೆಯವರೆಗೆ ಲಂಟಾನ ಮಾತ್ರ ತೆಗೀತೀವಿ. ಬಿಳಿ ರಿಬ್ಬನ್ ಇರೋ ಗಿಡ ಮುಟ್ಟಬೇಡಿ. ಅನುಮಾನ ಬಂದರೆ ಕೀಳಬೇಡಿ, ನನ್ನನ್ನು ಕರೀರಿ. ಸುಸ್ತಾದರೆ ಕೂತ್ಕೊಳ್ಳಿ, ಯಾರೂ ಏನೂ ಅಂದ್ಕೊಳ್ಳಲ್ಲ. ಮೂರು ಸಲ ಸೀಟಿ ಊದಿದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಇಲ್ಲೇ ಬನ್ನಿ."

ಇಷ್ಟಾದ ಮೇಲೆ ಉಪಕರಣ ತೋರಿಸಿ. ಮಾತಿನಲ್ಲಿ ಬೇಡ, ಮಾಡಿ ತೋರಿಸಿ. ನಡೆಯುವಾಗ ಹೆಗಲ ಮೇಲೆ ಹೊರದೆ, ಅಲಗು ಕೆಳಗಾಗಿ ಪಕ್ಕದಲ್ಲಿ ಹಿಡಿಯಬೇಕು. ಕೈ ಚಾಚಿ ಉಪಕರಣ ಹಿಡಿದರೆ ಎಷ್ಟು ದೂರ ಮುಟ್ಟುತ್ತದೋ ಅದರ ಎರಡರಷ್ಟು ಅಂತರ ಪಕ್ಕದವರಿಗೆ ಇರಬೇಕು. ಕೆಳಗಿಡುವಾಗ ದಾರಿಯಲ್ಲಿ ಇಡಬಾರದು, ಕುಂಟೆಯ ಹಲ್ಲು ಮೇಲ್ಮುಖವಾಗಿ ಬಿಡಬಾರದು. ಕಳೆಯ ಒಂದು ಗಿಡವನ್ನು ಬೇರು ಸಮೇತ ಕಿತ್ತು ಕೈಯಿಂದ ಕೈಗೆ ದಾಟಿಸಿ. ಎಲೆ ಮುಟ್ಟಿ, ವಾಸನೆ ನೋಡಿದ ಮೇಲೆ ಗುರುತು ತಪ್ಪುವುದು ಕಡಿಮೆ. ಅಲರ್ಜಿ ತರುವ ಗಿಡವಾದರೆ ಮಾತ್ರ ದೂರದಿಂದಲೇ ತೋರಿಸಿ.

ಹಂತ 7: ಕೆಲಸ ನಡೆಯುವಾಗ

ಮೊದಲ ಅರ್ಧ ಗಂಟೆ ಒಬ್ಬೊಬ್ಬರ ಹತ್ತಿರವೂ ಹೋಗಿ ಬನ್ನಿ. ತಪ್ಪು ಅಭ್ಯಾಸ ಆಗಲೇ ತಿದ್ದುವುದು ಸುಲಭ. "ಹಾಗಲ್ಲ" ಅನ್ನುವ ಬದಲು "ಹೀಗೆ ಹಿಡಿದರೆ ಸೊಂಟಕ್ಕೆ ಹಗುರ" ಅನ್ನಿ.

ಪ್ರತಿ ತಂಡದಲ್ಲೂ ತಾನೇ ಎಲ್ಲ ಮುಗಿಸಬೇಕು ಅಂತ ಹೊರಡುವ ಒಬ್ಬರಿರುತ್ತಾರೆ. ಅವರು ಗಡಿ ದಾಟುತ್ತಾರೆ, ದಣಿಯುತ್ತಾರೆ, ಪೆಟ್ಟು ಮಾಡಿಕೊಳ್ಳುತ್ತಾರೆ. ಅವರಿಗೆ ಹೊಸಬರೊಬ್ಬರನ್ನು ಜೊತೆ ಹಾಕಿ, ಕಲಿಸುವ ಹೊಣೆ ಕೊಡಿ. ವೇಗ ತಾನಾಗಿ ಇಳಿಯುತ್ತದೆ. ಒಂಟಿಯಾಗಿ ಬಂದು ಸುಮ್ಮನೆ ಕೆಲಸ ಮಾಡುವವರೂ ಇರುತ್ತಾರೆ. ಎಷ್ಟೋ ಜನ ಮನಸ್ಸಿನ ಭಾರ ಇಳಿಸಲು ಮಣ್ಣಿನ ಹತ್ತಿರ ಬಂದಿರುತ್ತಾರೆ. ಅವರನ್ನು ಮಾತಿಗೆ ಎಳೆಯಬೇಡಿ, ಮರೆಯಲೂ ಬೇಡಿ. ಹೆಸರು ಹಿಡಿದು ಕರೆದು ಒಂದು ಮಾತಾಡಿಸಿದರೆ ಸಾಕು.

ಗೂಡು, ಮೊಟ್ಟೆ, ಮರಿ ಕಂಡರೆ ಆ ಜಾಗದ ಕೆಲಸ ಅಲ್ಲಿಗೇ ನಿಲ್ಲಲಿ. ಸುತ್ತ ರಿಬ್ಬನ್ ಕಟ್ಟಿ ದೂರ ಸರಿಯಿರಿ. ಹಕ್ಕಿಗೂಡು, ಅಪರೂಪದ ಗಿಡಗಳ ಫೋಟೋವನ್ನು ಜಾಗದ ಗುರುತಿನ ಸಮೇತ ಹಾಕಬೇಡಿ ಅಂತ ಎಲ್ಲರಿಗೂ ಹೇಳಿ. ಕಳ್ಳರೂ ಅದನ್ನು ನೋಡುತ್ತಾರೆ. ಕೊಳೆಯುತ್ತಿರುವ ಮರದ ದಿಮ್ಮಿಯನ್ನು ಕಸ ಅಂತ ಎತ್ತಿ ಹಾಕುವವರಿಗೆ ಒಂದು ತುಂಡು ತಿರುಗಿಸಿ ತೋರಿಸಿ. ಅಡಿಯಲ್ಲಿ ಎಷ್ಟು ಜೀವ ಇದೆ ಅಂತ ಒಮ್ಮೆ ನೋಡಿದವರು ಮತ್ತೆ ಅದನ್ನು ಕದಲಿಸುವುದಿಲ್ಲ.

ಗಂಟೆಗೊಮ್ಮೆ ವಿರಾಮ ಕೊಡಿ, ಕೇಳುವವರೆಗೂ ಕಾಯಬೇಡಿ. ನೆರಳಲ್ಲಿ ಕೂರಿಸಿ ನೀರು ಕುಡಿಸಿ. ಪ್ರತಿ ವಿರಾಮದಲ್ಲೂ ತಲೆ ಎಣಿಸಿ.

ಹಂತ 8: ಏನಾದರೂ ಆದರೆ

ಬಿಸಿಲಿನ ಬಳಲಿಕೆ ಸದ್ದಿಲ್ಲದೆ ಬರುತ್ತದೆ. ತಲೆಸುತ್ತು, ವಾಕರಿಕೆ, ವಿಪರೀತ ಬೆವರು ಕಂಡರೆ ನೆರಳಿಗೆ ಕರೆತಂದು ಮಲಗಿಸಿ, ಓಆರ್‌ಎಸ್ ಕೊಡಿ. ಮಾತು ಅಡ್ಡಾದಿಡ್ಡಿ ಆಗುತ್ತಿದ್ದರೆ, ಮೈ ಸುಡುತ್ತಿದ್ದರೆ ಅದು ಪ್ರಾಣಾಪಾಯ. ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೂ ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಿರಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ಏನೂ ಹಾಕಬೇಡಿ.

ಹಾವು ಕಚ್ಚಿದರೆ ಅವರನ್ನು ಅಲುಗಾಡದಂತೆ ಕೂರಿಸಿ ಅಥವಾ ಮಲಗಿಸಿ, ಧೈರ್ಯ ಹೇಳಿ. ಉಂಗುರ, ಬಳೆ, ವಾಚು ತೆಗೆಯಿರಿ, ಊತ ಬರುತ್ತದೆ. ಕಚ್ಚಿದ ಕೈಕಾಲಿಗೆ ದಬ್ಬೆ ಕಟ್ಟಿ ತಕ್ಷಣ ಆಸ್ಪತ್ರೆಗೆ ಸಾಗಿಸಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಹಾವನ್ನು ಹಿಡಿಯಲು, ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದೂ ಬೇಡ.

ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ ಕಾರಿನೊಳಗೆ ಅಥವಾ ಕಟ್ಟಡದೊಳಗೆ ಸೇರಬೇಕು. ಕೈ ಬೀಸಬಾರದು, ನೀರಿಗೆ ಹಾರಬಾರದು. ಕಡಿದ ಮೇಲೆ ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿಕೊಂಡರೆ ಒಂದು ನಿಮಿಷವೂ ಕಾಯಬೇಡಿ.

ಉಣುಗು ಕಚ್ಚಿ ಹಿಡಿದಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿ ಬೇಡ. ಕೆಸರು ನೀರಿನಲ್ಲಿ ಕೆಲಸ ಮಾಡುವವರ ಕೈಕಾಲಿನ ಸಣ್ಣ ಗಾಯವನ್ನೂ ಮೊದಲೇ ಮುಚ್ಚಿಸಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಆ ಗಾಯದ ಮೂಲಕ ಬರಬಹುದು. ಒಂದೆರಡು ವಾರದಲ್ಲಿ ಜ್ವರ ಬಂದರೆ ಹೀಗೆ ಕೆಸರಿನಲ್ಲಿ ಇದ್ದೆವು ಅಂತ ವೈದ್ಯರಿಗೆ ಹೇಳಲು ನೆನಪಿಸಿ.

ಹಂತ 9: ದಿನ ಮುಗಿಸುವುದು

ಪೂರ್ತಿ ದಣಿಯುವ ಮೊದಲೇ ಕೆಲಸ ನಿಲ್ಲಿಸಿ. ಗಾಯಗಳು ಆಗುವುದು "ಇನ್ನೊಂದೇ ಪೊದೆ" ಅನ್ನುವ ಹೊತ್ತಿನಲ್ಲಿ. ಉಪಕರಣ ಎಣಿಸಿ. ಒಂದು ಕಡಿಮೆ ಬಂದರೆ ಎಲ್ಲರೂ ಸೇರಿ ಹುಡುಕಿ. ಹುಲ್ಲಿನಲ್ಲಿ ಬಿದ್ದ ಕತ್ತಿ ಯಾವುದೋ ಪ್ರಾಣಿಯ ಕಾಲಿಗೆ ತಾಗುತ್ತದೆ.

ಬೂಟು ಉಜ್ಜಿಸಿ. ಅಡಿಯ ಮಣ್ಣಿನಲ್ಲಿ ಕಳೆಯ ಬೀಜ ಅಂಟಿರುತ್ತದೆ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರವೂ ಒದ್ದೆ ಬೂಟಿನ ಜೊತೆ ಒಂದು ಕೊಳದಿಂದ ಇನ್ನೊಂದಕ್ಕೆ ಹೋಗಬಲ್ಲದು. ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಬೇರೆ ಜೌಗಿಗೆ ಹಾಕಿಕೊಂಡು ಹೋಗಬೇಕು.

ಕೊನೆಗೆ ಎಲ್ಲರನ್ನೂ ಬೆಳಿಗ್ಗೆ ನಿಂತ ಜಾಗಕ್ಕೆ ಕರೆದುಕೊಂಡು ಹೋಗಿ, ಬೆಳಗಿನ ಫೋಟೋ ತೋರಿಸಿ. ಎಷ್ಟು ಜಾಗ ತೆರವಾಯಿತು, ಇನ್ನು ಇಲ್ಲಿ ಏನಾಗುತ್ತದೆ, ಮುಂದೆ ಯಾವಾಗ ಬರುತ್ತೇವೆ ಅಂತ ಹೇಳಿ. ಮುಂದಿನ ದಿನಾಂಕ ಅವರು ಹೊರಡುವ ಮೊದಲೇ ಗೊತ್ತಾಗಲಿ. ಧನ್ಯವಾದವನ್ನು ಆದಷ್ಟು ಹೆಸರು ಹಿಡಿದು ಹೇಳಿ.

ಹಂತ 10: ಆಮೇಲಿನ ಕೆಲಸ

ಅದೇ ಸಂಜೆ ಬರೆಯಿರಿ: ಎಷ್ಟು ಜನ, ಎಷ್ಟು ಗಂಟೆ, ಎಷ್ಟು ಜಾಗ, ಏನು ಕಂಡಿತು, ಯಾರಿಗೆ ಸಣ್ಣದಾದರೂ ಪೆಟ್ಟಾಯಿತು. ಪೆಟ್ಟಾಗದೆ ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬರೆಯಿರಿ, ಮುಂದಿನ ಅಪಾಯದ ಪಟ್ಟಿ ಅದರಿಂದಲೇ ಬಲವಾಗುತ್ತದೆ. ಒಂದು ಗೂಟ ನೆಟ್ಟು, ಅದೇ ಜಾಗದಿಂದ ಅದೇ ದಿಕ್ಕಿಗೆ ಪ್ರತಿ ಕಾಲದಲ್ಲೂ ಒಂದು ಫೋಟೋ ತೆಗೆಯಿರಿ. ಗಿಡ, ಕೀಟ, ಹಕ್ಕಿಗಳ ದಾಖಲೆಯನ್ನು ಸ್ವಯಂಸೇವಕರೇ ಮಾಡಲಿ. 2002ರಲ್ಲಿ ಶುರುವಾದ ಇಬರ್ಡ್, 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳು ಇದಕ್ಕೆ ಚೆನ್ನಾಗಿವೆ. ಅಳಿವಿನ ಅಂಚಿನ ಜೀವಿಗಳ ನಿಖರ ಜಾಗವನ್ನು ಐನ್ಯಾಚುರಲಿಸ್ಟ್ ತಾನಾಗಿ ಮಸುಕು ಮಾಡುತ್ತದೆ.

ಸಂಬಳದ ಹುದ್ದೆಗೆ ಬದಲಾಗಿ ಸ್ವಯಂಸೇವಕರನ್ನು ಬಳಸಲು ಮೇಲಿನಿಂದ ಒತ್ತಡ ಬಂದರೆ ಒಪ್ಪಬೇಡಿ. ದಿನವೂ ಕಾಯುವವರು ಇದ್ದರೆ ಮಾತ್ರ ತಿಂಗಳಿಗೊಮ್ಮೆ ಬರುವವರ ಕೆಲಸ ಉಳಿಯುತ್ತದೆ. ಸ್ವಯಂಸೇವಕರು ಕೊಟ್ಟ ಗಂಟೆಗಳ ಲೆಕ್ಕವನ್ನು ಸಿಬ್ಬಂದಿ ಕಡಿಮೆ ಮಾಡಲು ನೆಪವಾಗಿ ಬಿಡಬೇಡಿ. ಸಿಬ್ಬಂದಿ ಇನ್ನೂ ಬೇಕು ಅಂತ ಕೇಳಲು ಅದನ್ನು ಬಳಸಿ.

ಪದೇ ಪದೇ ಬರುವವರನ್ನು ಗಮನಿಸಿ. ಬೇರೆಯವರಿಗೆ ಸಹನೆಯಿಂದ ಹೇಳಿಕೊಡುವವರು, ಗಡಿ ದಾಟದವರು, ಅನುಮಾನ ಬಂದಾಗ ಕೇಳುವವರು ನಾಳೆಯ ಮುಂದಾಳುಗಳು. ಬಲ ಜಾಸ್ತಿ ಇರುವವರೇ ಆಗಬೇಕಿಲ್ಲ. ಅವರನ್ನು ಪ್ರಥಮ ಚಿಕಿತ್ಸೆ ತರಬೇತಿಗೆ ಕಳಿಸಿ, ಎರಡು ದಿನ ಮೊದಲಿನ ಪರಿಶೀಲನೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ, ಉಪಕರಣ ತೋರಿಸುವ ಭಾಗವನ್ನು ಅವರಿಗೆ ಬಿಟ್ಟುಕೊಡಿ. ಆಮೇಲೆ ಬೆಳಗಿನ ಮಾತನ್ನೂ ಪೂರ್ತಿ ಅವರೇ ಆಡಲಿ. ಮೊದಲ ಸಲ ನೀವು ಪಕ್ಕದಲ್ಲಿ ನಿಂತಿರಿ. ಬಿಟ್ಟುಹೋದದ್ದು ಸುರಕ್ಷತೆಯ ವಿಷಯವಾದರೆ ಮಾತ್ರ ಆಗಲೇ ಸೇರಿಸಿ. ಉಳಿದದ್ದನ್ನು ಸಂಜೆ, ಇಬ್ಬರೇ ಇದ್ದಾಗ ಹೇಳಿ.